ಪದಚರ್ಚೆ: ‘ಬಡ್ಡಿ ಕಾಮಿಡಿ’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ನಮ್ಮೂರಿನ ಸಿನಿಮಾ ಬಳಗದವರು ಭಾನುವಾರ ತೋರಿಸುವ ಚಿತ್ರದ ಬಗ್ಗೆ ಒಂದು ಪುಟ ಬರೆದುಕೊಡಿ ಅಂದಿದ್ದರು. ಚಿತ್ರ ಇಟಲಿಯದು, 1974ರದು, ಬಡ್ ಸ್ಪೆನ್ಸರ್ ಮತ್ತು ಟೆರೆನ್ಸ್ ಹಿಲ್ ಜೋಡಿಯದು. ಹೆಸರನ್ನು ಕನ್ನಡಕ್ಕೆ ತಂದರೆ ‘ಇಲ್ದಿದ್ರೆ ನಮಗೆ ಸಿಟ್ಟು ಬರತ್ತೆ’ ಅಂತಾಗುತ್ತದೆ. ನಾನು ‘ಇದೊಂದು ಬಡ್ಡಿ ಕಾಮಿಡಿ’ ಅಂತ ಶುರು ಮಾಡಿದೆ. ಮಾವ ಓದಿ ಕೇಳಿದರು: “ಮೀಟರ್ ಬಡ್ಡಿಯವರ ಕತೆಯಾ? ಕೊನೆಗೆ ಸಾಲ ತೀರುತ್ತಾ?”

ತಪ್ಪು ಅವರದಲ್ಲ. ನಾನು ಹೇಳಿದ್ದು ಇಂಗ್ಲಿಷಿನ ‘buddy’, ಅಂದರೆ ಗೆಳೆಯ. ಕನ್ನಡ ಲಿಪಿಯಲ್ಲಿ ಬರೆದ ಕೂಡಲೇ ಆ ಪದ ಸಾಹುಕಾರನ ಲೆಕ್ಕದ ಪುಸ್ತಕಕ್ಕೆ ಹೋಗಿ ಕೂರುತ್ತದೆ. (ಗೆಳೆಯನನ್ನೇ ಪ್ರೀತಿಯಿಂದ ‘ಬಡ್ಡಿಮಗ’ ಅಂತ ಬೈಯುವುದುಂಟಲ್ಲ, ಆ ಲೆಕ್ಕದಲ್ಲಿ ಪೂರ್ತಿ ತಪ್ಪೂ ಅಲ್ಲ ಅನ್ನಿ.) ಅಂದಹಾಗೆ ಬಡ್ ಸ್ಪೆನ್ಸರ್‌ನ ‘ಬಡ್’ ಗೆಳೆತನದಿಂದ ಬಂದಿದ್ದಲ್ಲ, ಬಡ್‌ವೈಸರ್ ಬಿಯರ್‌ನಿಂದ ಬಂದಿದ್ದು. ‘ಸ್ಪೆನ್ಸರ್’ ಬಂದಿದ್ದು ನಟ ಸ್ಪೆನ್ಸರ್ ಟ್ರೇಸಿಯಿಂದ. ಆತ ನೇಪಲ್ಸ್‌ನ ಕಾರ್ಲೊ ಪೆಡೆರ್ಸೋಲಿ. 1950ರಲ್ಲಿ ನೂರು ಮೀಟರನ್ನು ಒಂದು ನಿಮಿಷದೊಳಗೆ ಈಜಿದ ಮೊದಲ ಇಟಲಿಯವ. ಹಿಲ್ ವೆನಿಸ್‌ನ ಮಾರಿಯೊ ಜಿರೊಟ್ಟಿ.

ಹೊಂದದ ಇಬ್ಬರನ್ನು ಒಂದೇ ಕತೆಗೆ ಕಟ್ಟಿಹಾಕಿ ನಗಿಸುವ ಈ ಬಗೆಯ ಸಿನಿಮಾಕ್ಕೆ ಏನನ್ನೋಣ ಅನ್ನುವುದು ನನ್ನ ಪ್ರಶ್ನೆ.

ಇಟಲಿಯ ರಂಗಭೂಮಿಯಲ್ಲಿ ‘ಸ್ಪಾಲ್ಲಾ’ ಅಂತ ಒಂದು ಪದ ಇದೆ. ಅರ್ಥ ಹೆಗಲು. ಮುಖ್ಯ ಹಾಸ್ಯಗಾರನ ಪಕ್ಕ ನಿಂತು, ಅವನ ಮಾತು ಸಿಡಿಯುವ ಹಾಗೆ ದಾರಿ ಮಾಡಿಕೊಡುವವನು. ನಮ್ಮ ‘ಹೆಗಲು ಕೊಡು’ ಇದಕ್ಕೆ ಎಷ್ಟು ಹತ್ತಿರ ಅಲ್ವಾ? 1956ರ ಒಂದು ಚಿತ್ರದಲ್ಲಿ ಇಟಲಿಯ ಹಾಸ್ಯನಟ ತೊತೊ ಕಾಗದ ಹೇಳಿ ಬರೆಸುತ್ತಾನೆ, ಅವನಿಗೆ ಹೆಗಲಾದ ನಟ ಪೆಪ್ಪಿನೊ ಬರೆಯುತ್ತಾನೆ. ತೊತೊನ ಬಾಯಿಂದ ವ್ಯಾಕರಣ ತಪ್ಪಿದ ಮಾತು ಧಾರಾಳವಾಗಿ ಬರುತ್ತಿದ್ದರೆ, ಪೆಪ್ಪಿನೊ ಕರವಸ್ತ್ರದಲ್ಲಿ ಬೆವರು ಒರೆಸಿಕೊಳ್ಳುತ್ತಾ ಒದ್ದಾಡುತ್ತಾನೆ. ಪೂರ್ಣವಿರಾಮ ಒಂದೇ ಸಾಲದು, ಇನ್ನೂ ಒಂದಷ್ಟು ಚಿಹ್ನೆ ಹಾಕು, ನಮ್ಮನ್ನು ಜಿಪುಣರು ಅಂದುಕೊಂಡಾರು ಅನ್ನುತ್ತಾನೆ ತೊತೊ. ಭಾಷೆಯ ಹುಚ್ಚಿರುವ ನಮ್ಮಂಥವರು ನೋಡಲೇಬೇಕಾದ ದೃಶ್ಯ. ಅಲ್ಲಿ ಜಾಸ್ತಿ ನಗು ಬರುವುದು ಸುಮ್ನೆ ಬರೆಯುವವನ ಮುಖ ನೋಡಿಯೇ. ‘ಹೆಗಲು’ ಚಿಕ್ಕ ಪಾತ್ರ ಅಂತ ಅದಾದ ಮೇಲೆ ಹೇಳಲಾರಿರಿ.

ಆದರೆ ಸ್ಪೆನ್ಸರ್-ಹಿಲ್ ವಿಷಯದಲ್ಲಿ ಯಾರು ಯಾರಿಗೆ ಹೆಗಲು? ಒಬ್ಬ ದೊಡ್ಡ ಆಳು, ಮೂಗಿನ ಮೇಲೆ ಸಿಟ್ಟು. ಇನ್ನೊಬ್ಬ ತೆಳ್ಳಗೆ, ನೀಲಿ ಕಣ್ಣು, ತಲೆಹರಟೆ. ಭಾನುವಾರದ ಚಿತ್ರದಲ್ಲಿ ರೇಸಿನಲ್ಲಿ ಇಬ್ಬರೂ ಒಟ್ಟಿಗೆ ಗೆಲ್ಲುತ್ತಾರೆ, ಬಹುಮಾನದ ಗಾಡಿ ಮಾತ್ರ ಒಂದೇ. ಬಿಯರ್ ಮತ್ತು ಸಾಸೇಜ್ ತಿನ್ನುವ ಪಂದ್ಯದಲ್ಲಿ ತೀರ್ಮಾನ ಮಾಡೋಣ ಅನ್ನುತ್ತಾರೆ. ಅಷ್ಟರಲ್ಲಿ ರೌಡಿಗಳು ಬಂದು ಆ ಗಾಡಿಯನ್ನೇ ನುಜ್ಜುಗುಜ್ಜು ಮಾಡುತ್ತಾರೆ. ಅಲ್ಲಿಂದ ಇಬ್ಬರದೂ ಒಂದೇ ಹಟ: ಹೊಸ ಗಾಡಿ ಕೊಡಿ, ಕೆಂಪು ಬಣ್ಣ, ಹಳದಿ ಟಾಪು. ಗಾಡಿ ಸಿಗುವ ತನಕ ಜೊತೆಗಿರುತ್ತಾರೆ, ಆಮೇಲಿನದು ಆಮೇಲೆ. ಗೆಳೆತನದ ಭಾಷಣವೇ ಇಲ್ಲ. ನನಗೆ ಹಿಡಿಸುವುದೇ ಅದು.

ಹೊಡೆದಾಟವೂ ಹಾಗೇ. ‘ಕಾತ್ಸೊತ್ತೊ’ ಅಂದರೆ ಗುದ್ದು. ಅದರಿಂದ ‘ಸ್ಕಾತ್ಸೊತ್ತಾತಾ’, ನಮ್ಮ ಗುದ್ದಾಟ. ಆದರೆ ಸ್ಪೆನ್ಸರ್ ಮುಷ್ಟಿ ಕಟ್ಟಿ ನೆತ್ತಿಯ ಮೇಲೆ ಇಳಿಸುವುದು ಗುದ್ದಲ್ಲ, ಮೊಟಕು. ಹಿಲ್‌ನದು ತಪರಾಕಿ. ಪದಗಳಿಗೆ ಇಲ್ಲಿ ಬರವಿಲ್ಲ ನೋಡಿ!

ಬರ ಇರುವುದು ಜೋಡಿಯ ಹೆಸರಿಗೆ. ‘ಕುಚಿಕು’ ಅಂದರೆ ಇಬ್ಬರೂ ತಬ್ಬಿಕೊಂಡು ಹಾಡಬೇಕಾಗುತ್ತದೆ. ‘ಜೋಡೆತ್ತು’ 2019ರ ಮಂಡ್ಯ ಚುನಾವಣೆಯಲ್ಲಿ ಮನೆಮನೆಗೂ ತಲುಪಿದ ಪದ. ಆದರೆ ಜೋಡೆತ್ತು ಅಂದರೆ ಎತ್ತರ, ನಡಿಗೆ, ಎಲ್ಲ ಸರಿಸಮ ಇರಬೇಕು, ಅಲ್ಲಿ ನಗು ಹುಟ್ಟಲ್ಲ. ‘ಅಜಗಜ ಜೋಡಿ’ ಅನ್ನಬಹುದೇ? ಆಡು-ಆನೆ ಕಣ್ಣಿಗೇನೋ ಸರಿ, ಆದರೆ ಅದು ಗಾತ್ರದ ಮಾತು ಮಾತ್ರ. ಸ್ವಭಾವದ ಮಾತು ‘ಎತ್ತು ಏರಿಗೆಳೀತು, ಕೋಣ ನೀರಿಗೆಳೀತು’ ಗಾದೆಯಲ್ಲಿದೆ. ನನ್ನ ಒಲವು ‘ಎತ್ತು-ಕೋಣದ ಜೋಡಿ’ ಕಡೆಗೆ. ತೊಡಕು ಏನೆಂದರೆ, ಗಾದೆಯಲ್ಲಿ ಕೆಲಸ ಕೆಡುತ್ತದೆ, ಸಿನಿಮಾದಲ್ಲಿ ಎಳೆದಾಡಿಕೊಂಡೇ ಉಳುಮೆ ಮುಗಿಯುತ್ತದೆ.

ಎತ್ತಿನ ಜೊತೆ ಸಿಗದೆ ಬೇರೆ ದನವನ್ನೋ ಕೋಣವನ್ನೋ ನೊಗಕ್ಕೆ ಕಟ್ಟಿದರೆ ಆ ಜೋಡಿಗೆ ನಿಮ್ಮ ಕಡೆ ಒಂದೇ ಪದ ಇದೆಯಾ? ಹಳ್ಳಿಯಲ್ಲಿ ಬೇಸಾಯ ನೋಡಿ ಬೆಳೆದವರು ಹೇಳಿ. ಶನಿವಾರ ಸಂಜೆಯೊಳಗೆ ತಿಳಿಸಿದರೆ ಅಚ್ಚಿಗೆ ಹೋಗುವ ಮುಂಚೆ ತಿದ್ದುತ್ತೇನೆ. ಸದ್ಯಕ್ಕೆ ‘ಇದೊಂದು ಎತ್ತು-ಕೋಣದ ಸಿನಿಮಾ’ ಅಂತ ಬರೆದಿಟ್ಟಿದ್ದೇನೆ. ಮಾವ ಈಗ ಕೇಳುತ್ತಿದ್ದಾರೆ, ಇಟಲಿಯಲ್ಲೂ ಕಂಬಳ ಇದೆಯಾ ಅಂತ.