ಅಪ್‌ಡೇಟ್: ಹಳೇ 500 ಎಸ್‌ಎಲ್‌ನ ಗೇರ್ ಜರ್ಕ್ ಕೊನೆಗೂ ನಿಂತಿತು

ಎಲ್ಲರಿಗೂ ನಮಸ್ಕಾರ. ಸ್ಟಟ್‌ಗಾರ್ಟ್‌ನಲ್ಲಿ ನಾನು ಓಡಿಸುವ 1985ರ ಆಟೋಮ್ಯಾಟಿಕ್ ಗೇರಿನ ಮರ್ಸಿಡಿಸ್ 500 ಎಸ್‌ಎಲ್ ಕಾರು, ಗೇರ್ ಬದಲಾಗುವಾಗ ಬೆನ್ನಿಗೆ ಗುದ್ದಿದ ಹಾಗೆ ಜರ್ಕ್ ಹೊಡೆಯುತ್ತೆ, ಸಿಗ್ನಲ್‌ನಿಂದ ಹೊರಡುವಾಗ ಮಂದ, ಏನು ಮಾಡಲಿ ಅಂತ ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಜರ್ಕ್ ಈಗ ಪೂರ್ತಿ ಹೋಗಿದೆ.

"ಮೊದಲು ವ್ಯಾಕ್ಯೂಮ್ (ನಿರ್ವಾತ) ಪೈಪ್ ನೋಡಿ" ಅಂದವರಿಗೆ ತುಂಬಾ ಥ್ಯಾಂಕ್ಸ್. ಇಂಜಿನ್‌ನಿಂದ ಗೇರ್‌ಬಾಕ್ಸ್ ಪಕ್ಕದ ಮಾಡ್ಯುಲೇಟರ್‌ಗೆ (ವ್ಯಾಕ್ಯೂಮ್‌ಗೆ ತಕ್ಕಂತೆ ಗೇರ್‌ಬಾಕ್ಸ್ ಒಳಗಿನ ಆಯಿಲ್ ಒತ್ತಡ ಹೊಂದಿಸುವ ಭಾಗ) ಹೋಗುವ ಸಣ್ಣ ಪೈಪಿನ ತುದಿಯ ರಬ್ಬರ್ ಗಟ್ಟಿಯಾಗಿಬಿಟ್ಟಿತ್ತು. ಬೆರಳಲ್ಲಿ ಬಗ್ಗಿಸಿದರೆ ಸೀಳು ಬಾಯಿ ಬಿಡುತ್ತಿತ್ತು. ಅಲ್ಲಿ ಗಾಳಿ ನುಗ್ಗಿ ವ್ಯಾಕ್ಯೂಮ್ ಇಳಿದರೆ, ಆಕ್ಸಿಲರೇಟರ್ ಪೂರ್ತಿ ತುಳಿದಾಗಿನಂತೆ ಗೇರ್‌ಬಾಕ್ಸ್ ಒಳಗಿನ ಒತ್ತಡ ಏರುತ್ತೆ, ಗೇರ್ ಧಡಕ್ಕನೆ ಬೀಳುತ್ತೆ. ಹೊಸ ರಬ್ಬರ್ ಹಾಕಿದ ಮೇಲೆ ಎರಡರಿಂದ ಮೂರಕ್ಕೆ ಹೋದದ್ದೇ ಗೊತ್ತಾಗಲ್ಲ!

ಗೇರ್‌ಬಾಕ್ಸ್ ಆಯಿಲ್, ಫಿಲ್ಟರ್ ಬದಲಾಯಿಸಿದ್ದರಿಂದ ಜರ್ಕ್ ಕಮ್ಮಿಯಾಗಲಿಲ್ಲ. ಆದರೂ ಹಳೇ ಆಯಿಲ್ ಕಪ್ಪಗಾಗಿತ್ತು, ಮಾಡಿಸಿದ್ದೇ ಒಳ್ಳೇದಾಯ್ತು. ಆಕ್ಸಿಲರೇಟರ್ ಕಡೆಯಿಂದ ಗೇರ್‌ಬಾಕ್ಸ್‌ಗೆ ಹೋಗುವ ಕಂಟ್ರೋಲ್ ಕೇಬಲ್ ಬಿಗಿ ಮಾಡಿದರೆ ಗೇರ್ ಇನ್ನೂ ತಡವಾಗಿ ಬದಲಾಗತೊಡಗಿತು. ಹಳೇ ಅಳತೆಗೇ ವಾಪಸ್ ತಂದೆವು.

ಹೊರಡುವಾಗಿನ ಮಂದ ಮಾತ್ರ ದೋಷವೇ ಅಲ್ಲವಂತೆ, ಇದು ನನಗೆ ನಿಜಕ್ಕೂ ಆಶ್ಚರ್ಯ. ಈ ನಾಲ್ಕು ಗೇರಿನ ಬಾಕ್ಸ್ 'ಡಿ'ಯಲ್ಲಿ (ಡ್ರೈವ್) ಮೆಲ್ಲಗೆ ತುಳಿದರೆ ಎರಡನೇ ಗೇರಿನಿಂದಲೇ ಹೊರಡುತ್ತೆ. ಜೋರಾಗಿ ತುಳಿದರೆ ಮೊದಲನೇದು ಬೀಳುತ್ತೆ, ಆಗ ಐದು ಲೀಟರ್ ವಿ8 ಹೇಗೆ ಎಳೆಯುತ್ತೆ ಅಂತೀರಿ!

ಮ್ಯಾನ್ಯುಯಲ್‌ಗೆ ಬದಲಾಯಿಸಿ ಅಂದವರಿಗೆ: 500 ಎಸ್‌ಎಲ್ ಬಂದದ್ದೇ ಆಟೋಮ್ಯಾಟಿಕ್‌ನಲ್ಲಿ, ನಾನು ಹಾಗೇ ಇಟ್ಟುಕೊಳ್ತೀನಿ. ಇದೇ ಜರ್ಕ್ ಇರುವವರು ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಆ ರಬ್ಬರ್ ತುದಿಗಳನ್ನು ದಯವಿಟ್ಟು ನೋಡಿ.