‘ಫ್ರೇಲ್ಟಿ’ಗೆ ಕನ್ನಡದಲ್ಲಿ ಏನನ್ನೋಣ?

ಕಿಡ್ನಿ ಕಸಿಗೆ ಹೆಸರು ಬರೆಸುವ ವಯಸ್ಸಾದವರಿಗಾಗಿ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಫ್ರೇಲ್ಟಿ’ ಅನ್ನುವ ಪದದ ಹತ್ತಿರ ಬಂದು ನಿಂತುಬಿಟ್ಟಿದೆ ಕೆಲಸ.

ಮೊದಲು ‘ದುರ್ಬಲತೆ’ ಎಂದು ಬರೆದಿದ್ದೆ. ಕರಡನ್ನು ನಮ್ಮ ಸೋದರಮಾವನಿಗೆ ಓದಲು ಕೊಟ್ಟೆ. ಅವರಿಗೆ 67, ವಾರಕ್ಕೆ ಮೂರು ಸಲ ಡಯಾಲಿಸಿಸ್. ಕನ್ನಡಕ ತೆಗೆದು, “ಯಾರಮ್ಮ ದುರ್ಬಲ? ನಿನ್ನೆ ಬಸ್ಸಲ್ಲಿ ನಿಂತ್ಕೊಂಡೇ ಬಂದಿದೀನಿ” ಅಂದರು. ಅವರು ಹೇಳಿದ್ದು ಸರಿಯೇ ಅಲ್ವಾ?

ಫ್ರೇಲ್ಟಿ ಅಂದರೆ ಬರೀ ಮುಪ್ಪಲ್ಲ, ಬರೀ ಸುಸ್ತೂ ಅಲ್ಲ. ಸಣ್ಣ ಪೆಟ್ಟು ಬಿದ್ದರೂ ಮೈ ಕುಸಿಯುವುದು, ಮತ್ತೆ ಎದ್ದು ನಿಲ್ಲಲು ತುಂಬಾ ದಿನ ಹಿಡಿಯುವುದು. ಅಮೆರಿಕದ ವೈದ್ಯೆ ಲಿಂಡಾ ಫ್ರೈಡ್ ಮತ್ತು ಜೊತೆಯವರು 2001ರಲ್ಲಿ ಇದಕ್ಕೆ ಐದು ಗುರುತು ಹೇಳಿದರು: ತಾನಾಗಿ ತೂಕ ಇಳಿಯುವುದು, ಬಳಲಿಕೆ, ಕೈಹಿಡಿತ ಸಡಿಲಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಮೂರು ಇದ್ದರೆ ಫ್ರೇಲ್. ಒಂದೆರಡು ಇದ್ದರೆ ಇನ್ನೂ ಹೊಸ್ತಿಲಲ್ಲಿ ಇದ್ದಾರೆ ಅಂತ. ನಡಿಗೆಗೆ 15 ಅಡಿ ನಡೆಸಿ ಸೆಕೆಂಡು ಎಣಿಸುತ್ತಾರೆ. ಮಾವ ಆ 15 ಅಡಿಯನ್ನು ಪಂಚೆ ಎತ್ತಿ ಕಟ್ಟಿ ಹೆಚ್ಚುಕಮ್ಮಿ ಓಡಿಯೇಬಿಟ್ಟಿದ್ದರು. “ಮಾಮೂಲಿಯಾಗಿ ನಡೀರಿ” ಅಂತ ನರ್ಸ್ ವಾಪಸ್ ಕಳಿಸಿದರು.

ಈ ಪದಕ್ಕೆ ಈಗ ಬೆಲೆ ಜಾಸ್ತಿ. ತೀರಿಕೊಂಡವರ ಅಂಗ ಪಡೆಯಲು ಹೆಸರು ಬರೆಸುವವರಿಗೆ ಇದ್ದ 65ರ ಮಿತಿಯನ್ನು ಕೇಂದ್ರ ಸರ್ಕಾರ 2023ರಲ್ಲಿ ತೆಗೆಯಿತು. ಹುಟ್ಟಿದ ವರ್ಷ ಕೇಳಿ ವಾಪಸ್ ಕಳಿಸುವ ಹಾಗಿಲ್ಲ. ಮೈ ಹೇಗಿದೆ ಅಂತ ನೋಡಲೇಬೇಕು.

‘ನಿತ್ರಾಣ’ ನೋಡಿದೆ. ಅದು ಜ್ವರ ಬಂದುಹೋದ ಮೇಲಿನ ಮಾತು, ನಾಲ್ಕು ದಿನ ಗಂಜಿ ಕುಡಿದರೆ ಸರಿಹೋಗುತ್ತದೆ. ‘ಸೊರಗುವುದು’ ಚೆಂದದ ಪದ, ಆದರೆ ಕಣ್ಣಿಗೆ ಕಾಣುವಂಥದ್ದು. ಕಿಡ್ನಿ ಕೆಟ್ಟವರು ನೀರು ತುಂಬಿ ಊದಿಕೊಂಡೂ ಇರುತ್ತಾರೆ, ದಪ್ಪಗಿರುವವರಲ್ಲೂ ಫ್ರೇಲ್ಟಿ ಇರುತ್ತದೆ. ‘ಶಿಥಿಲ’ ಅಂದರೆ ಹಳೇ ಕಟ್ಟಡದ ಬೋರ್ಡು.

ಆಸ್ಪತ್ರೆಯಲ್ಲಿ ಮನೆಯವರು ಕೇಳುವುದು “ಆಪರೇಷನ್ ತಡ್ಕೋತಾರಾ?” ಅಂತ. ಹಾಗಾಗಿ ‘ತಡೆಯುವ ಶಕ್ತಿ’ ಅನ್ನೋಣ ಅಂದುಕೊಂಡೆ. ಅದೂ ಕೈಕೊಟ್ಟಿತು. ಹೊಸ ಕಿಡ್ನಿಯನ್ನು ಮೈ ತಳ್ಳದಿರಲಿ ಎಂದು ರೋಗನಿರೋಧಕ ಶಕ್ತಿಯನ್ನು ಮಾತ್ರೆ ಕೊಟ್ಟು ತಗ್ಗಿಸುತ್ತಾರೆ. ಓದುವವರು ಇವೆರಡನ್ನೂ ಬೆರೆಸಿಕೊಂಡು ಮಾತ್ರೆ ಬಿಟ್ಟರೆ ಗತಿಯೇನು?

ಕೊನೆಗೆ ‘ತಾಳಿಕೆ’ಗೆ ಬಂದಿದ್ದೇನೆ. ‘ಮೈಯ ತಾಳಿಕೆ ಕುಗ್ಗಿದೆ’ ಎಂದರೆ ಯಾರಿಗೂ ಅವಮಾನವಿಲ್ಲ. ಹೊಸ್ತಿಲಲ್ಲಿ ಇರುವವರಿಗೆ ‘ಕುಗ್ಗುತ್ತಿದೆ’ ಅಂದರೆ ಸಾಕು, ಇನ್ನೊಂದು ಪದ ಹುಟ್ಟಿಸಬೇಕಿಲ್ಲ. ಕಸಿಯಾದ ಮೊದಲ ತಿಂಗಳು ಫ್ರೇಲ್ಟಿ ಹೆಚ್ಚಿ, ಮೂರು ತಿಂಗಳ ಹೊತ್ತಿಗೆ ಅನೇಕರಲ್ಲಿ ಮೊದಲಿಗಿಂತ ಕಡಿಮೆಯಾಗಿರುವುದನ್ನೂ ವೈದ್ಯರು ಕಂಡಿದ್ದಾರೆ. ಆಗ ‘ತಾಳಿಕೆ ಮರಳಿತು’ ಅನ್ನಬಹುದು. ‘ದುರ್ಬಲತೆ ಕಡಿಮೆಯಾಯಿತು’ ಯಾಕೋ ಸರ್ಕಾರಿ ವರದಿಯ ಹಾಗಿದೆ.

ಒಂದೇ ಅನುಮಾನ. ನಮ್ಮ ಕಡೆ ತಾಳಿಕೆ ಬರುವುದು ಸೀರೆ, ಚಪ್ಪಲಿ, ಪಾತ್ರೆ. ನಿಮ್ಮೂರ ಕಡೆ ಮನುಷ್ಯರ ಮೈಗೂ ಈ ಮಾತು ಹೇಳುತ್ತೀರಾ?