ಪದಚರ್ಚೆ: ಗಾಲ್ಫ್ ‘ಸ್ವಿಂಗ್’ ಕುರಿತ ‘ಫೀಡ್‌ಬ್ಯಾಕ್’ಗೆ ಗುರುವಾರದೊಳಗೆ ಪದ ಬೇಕಾಗಿದೆ

ಮಾನ್ಯರೆ,

ಮೈಸೂರಿನ ಗಾಲ್ಫ್ ಅಭ್ಯಾಸ ಮೈದಾನವೊಂದಕ್ಕೆ ಕನ್ನಡ ಫಲಕ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಫಲಕ ಬರೆಯುವವರು ಗುರುವಾರ ಬೆಳಿಗ್ಗೆ ಬರುತ್ತಾರೆ. ಈಗಿರುವ ಕರಡನ್ನು ಯಾರೋ ಇಂಗ್ಲಿಷಿನಿಂದ ಪದಕ್ಕೆ ಪದವಿಟ್ಟು ‘ನಿಮ್ಮ ತೂಗಾಟದ ಸುಧಾರಣೆಗಾಗಿ ಇತರರಿಂದ ಪ್ರತಿಕ್ರಿಯೆ ಪಡೆಯಿರಿ’ ಎಂದು ಮಾಡಿಕೊಟ್ಟಿದ್ದಾರೆ; ಚೆಂಡು ಹೊಡೆಯಲು ಕೋಲನ್ನು ತಿರುಗಿಸುವ ‘ಸ್ವಿಂಗ್’ ಅಲ್ಲಿ ‘ತೂಗಾಟ’ವಾಗಿದೆ. ಅದನ್ನು ಅಲ್ಲಿನ ಹಿರಿಯ ಕ್ಯಾಡಿಯೊಬ್ಬರಿಗೆ (ಆಟಗಾರನ ಕೋಲುಗಳನ್ನು ಹೊತ್ತು ಜೊತೆಗೆ ನಡೆಯುವವರು) ಓದಿ ಹೇಳಿದಾಗ ಅವರು ‘ತೂಗಾಟ ಅಂದ್ರೆ ಉಯ್ಯಾಲೆನಾ ಸಾರ್?’ ಎಂದು ಕೇಳಿದರು.

‘ಸಲಹೆ’ ಎಂದು ಬರೆದು ಮುಗಿಸುವಂತಿಲ್ಲ. ಗಾಲ್ಫ್ ನಿಯಮಾವಳಿಯ 10.2ನೆಯ ನಿಯಮದಂತೆ, ಸುತ್ತು ನಡೆಯುತ್ತಿರುವಾಗ ಒಂಟಿಯಾಗಿ ಆಡುವ ಆಟಗಾರ ತನ್ನ ಕ್ಯಾಡಿಯ ಹೊರತು ಬೇರೆ ಯಾರಿಂದಲೂ ಸಲಹೆ ಕೇಳಬಾರದು. ಹೊಡೆತಗಳನ್ನು ಎಣಿಸುವ ಸ್ಪರ್ಧೆಯಲ್ಲಿ ಕೇಳಿದವರಿಗೆ ಎರಡು ಹೊಡೆತಗಳ ದಂಡ ಬೀಳುತ್ತದೆ. ಅದೇ ಫಲಕದ ಎರಡನೆಯ ಸಾಲಿನಲ್ಲಿ ಈ ಎಚ್ಚರಿಕೆಯೂ ಬರಬೇಕು. ಮೇಲಿನ ಸಾಲಿನಲ್ಲಿ ‘ಸಲಹೆ ಪಡೆಯಿರಿ’ ಎಂದೂ ಕೆಳಗಿನ ಸಾಲಿನಲ್ಲಿ ‘ಸಲಹೆ ಕೇಳಬಾರದು’ ಎಂದೂ ಬರೆದರೆ ಹೊಸದಾಗಿ ಕಲಿಯಲು ಬಂದ ಮಕ್ಕಳು ಯಾವುದನ್ನು ನಂಬಬೇಕು? ‘ಸ್ವಿಂಗ್’, ‘ಫೀಡ್‌ಬ್ಯಾಕ್’ ಎರಡಕ್ಕೂ ಬಲ್ಲವರು ಪದ ಸೂಚಿಸಬೇಕೆಂದು ಕೋರುತ್ತೇನೆ.

*

ಮೊದಲನೆಯದಕ್ಕೆ ಹುಡುಕಾಟವೇ ಬೇಕಿಲ್ಲ, ‘ಬೀಸು’ ಇದೆ. ತಮಿಳಿನ ‘ವೀಸು’ ಇದರ ಒಡಹುಟ್ಟು. ಗಾಳಿ ಬೀಸುತ್ತದೆ, ಬೆಸ್ತರು ಬಲೆ ಬೀಸುತ್ತಾರೆ, ಕತ್ತಿ ಬೀಸುವುದೂ ಚಾಟಿ ಬೀಸುವುದೂ ಇದೇ ಧಾತುವಿನಿಂದ ಆಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ರಾಗಿ ಬೀಸುವುದು. ಬೀಸುವ ಕಲ್ಲಿನ ನಡುವೆ ನಿಂತ ಗೂಟ ಅಲುಗುವುದಿಲ್ಲ, ಅದರ ಸುತ್ತ ಮೇಲಿನ ಕಲ್ಲು ತಿರುಗುತ್ತದೆ, ಹಿಡಿಯನ್ನು ಹಿಡಿದ ಕೈ ಆ ಸುತ್ತನ್ನೇ ಅನುಸರಿಸುತ್ತದೆ. ಗಾಲ್ಫ್ ಆಟಗಾರನ ಬೆನ್ನುಮೂಳೆ ಆ ಗೂಟ, ಹೆಗಲು ಆ ಕಲ್ಲು. ತೋಳಿನಿಂದ ಚೆಂಡನ್ನು ಬಡಿಯುವುದಲ್ಲ, ಮೈ ತಿರುಗಿಸಿ ಬೀಸುವುದು ಎಂದು ಕಲಿಸುವವರು ಹೇಳುವ ಮಾತು ಈ ಒಂದು ಪದದಲ್ಲೇ ಅಡಗಿದೆ. ಕೋಲನ್ನು ಹಿಂದಕ್ಕೆ ಒಯ್ಯುವುದು ‘ಹಿಂಬೀಸು’, ಚೆಂಡಿಗೆ ತಗುಲಿದ ಮೇಲೆ ಮುಂದುವರಿಯುವುದು ‘ಮುಂಬೀಸು’.

ಎರಡನೆಯದಕ್ಕೆ ಯಾರಾದರೂ ಶಿಕ್ಷಣಶಾಸ್ತ್ರದ ‘ಹಿಮ್ಮಾಹಿತಿ’ಯನ್ನು ತರುವ ಮುನ್ನವೇ ಹೇಳಿಬಿಡುತ್ತೇನೆ: ಅದು ಬೇಡ. ‘ಮಾಹಿತಿ’ ಮರಾಠಿಯಿಂದ ಬಂದದ್ದು, ಅದಕ್ಕೆ ಕನ್ನಡದ ‘ಹಿಂ’ ಅಂಟಿಸಿದರೆ ಅರಿಸಮಾಸ, ಅಂದರೆ ಬೇರೆ ಬೇರೆ ಭಾಷೆಯ ಪದಗಳ ಹೊಂದದ ಕೂಡಿಕೆ. ‘ಮರುನುಡಿ’ ಎಂದು ಬರೆಯಿರಿ.

*

‘ಮರುನುಡಿ’ ಎಂದರೆ ಉತ್ತರ, ಇಲ್ಲವೇ ಎದುರುಮಾತು. ತಪ್ಪು.

ಅರಿಸಮಾಸದ ಆಕ್ಷೇಪಣೆಯೂ ನಿಲ್ಲುವುದಿಲ್ಲ. ಯಕ್ಷಗಾನದ ‘ಹಿಮ್ಮೇಳ’ದಲ್ಲಿರುವ ‘ಮೇಳ’ ಸಂಸ್ಕೃತದ್ದು. ಅದನ್ನು ಒಪ್ಪಿ, ಅದೇ ಕಟ್ಟಿನ ‘ಹಿಮ್ಮಾಹಿತಿ’ಯನ್ನು ಹೊರಗಿಡುವುದು ನಿಯಮವಲ್ಲ, ರುಚಿ. ಪೂರ್ವಕವಿಗಳ ಪ್ರಯೋಗದಲ್ಲೂ ಬಿರುದಾವಳಿಯಲ್ಲೂ ಅರಿಸಮಾಸಕ್ಕೆ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ಎಡೆಮಾಡಿಕೊಟ್ಟಿದ್ದಾನೆ. ಇನ್ನು ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಅಂದಿನಿಂದ ಈ ಆಟದ ಪದಗಳು ನಮ್ಮ ಕಿವಿಗೆ ಬೀಳುತ್ತಿವೆ. 2021ರಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದ ಅಂತರದಿಂದ ಕಂಚು ಕಳೆದುಕೊಂಡು ನಾಲ್ಕನೆಯವರಾದಾಗ, ಗಾಲ್ಫ್ ಕೋಲನ್ನು ಮುಟ್ಟದವರೂ ‘ಬರ್ಡಿ’, ‘ಪಾರ್’ ಎಂದು ಮಾತನಾಡಿಕೊಂಡರು. ಭಾಷೆಗೆ ಅದರಿಂದ ಯಾವ ಕುಂದೂ ಬರಲಿಲ್ಲ. ‘ಸ್ವಿಂಗ್’, ‘ಫೀಡ್‌ಬ್ಯಾಕ್’ ಎಂದೇ ಬರೆಯಿರಿ.

*

ಇಬ್ಬರೂ ಹಿರಿಯರು ನಾಮಪದದ ಬೆನ್ನು ಹತ್ತಿದ್ದಾರೆ. ಕೇಳಿದವರಿಗೆ ಬೇಕಾಗಿರುವುದು ಕ್ರಿಯಾಪದ ಎಂದು ನನಗೆ ತೋರುತ್ತದೆ.

ನನ್ನ ಅನುಭವವನ್ನೇ ಹೇಳುತ್ತೇನೆ. ನಾನು ಬಲಗೈ ಆಟಗಾರ. ಎರಡು ವರ್ಷ ನನ್ನ ಚೆಂಡು ನೆಟ್ಟಗೆ ಹೊರಟು ನಡುದಾರಿಯಲ್ಲಿ ಬಲಕ್ಕೆ ಬಾಗಿ ಮರಗಳ ಕಡೆಗೆ ಹೋಗುತ್ತಿತ್ತು. ‘ಫೀಡ್‌ಬ್ಯಾಕ್’ ಎಂಬುದು ಇಂಗ್ಲಿಷಿನಲ್ಲಿಯೂ ವಿದ್ಯುತ್ ಮಂಡಲಗಳಿಂದ ಬಂದ ಪದ. ಹೊರಬಂದದ್ದರಲ್ಲಿ ಒಂದು ಪಾಲು ಒಳಕ್ಕೆ ಮರಳುವುದು ಅದರ ಅರ್ಥ. ಆ ಅರ್ಥದಲ್ಲಿ ಚೆಂಡೇ ಪ್ರತಿ ಸಲವೂ ನನಗೆ ಫೀಡ್‌ಬ್ಯಾಕ್ ಕೊಡುತ್ತಿತ್ತು. ಆದರೆ ಅದು ಬಾಗಿತೆಂದು ಹೇಳುತ್ತಿತ್ತೇ ಹೊರತು ಏಕೆ ಬಾಗಿತೆಂದು ಹೇಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಿಂದೆ ನಿಂತಿದ್ದ ಕ್ಯಾಡಿಯೊಬ್ಬರು ಹುಲ್ಲು ಕಿತ್ತುಬಂದ ಜಾಗವನ್ನು ತೋರಿಸಿದರು. ಅಂಗೈ ಅಗಲದ ಆ ಗುರುತು ಗುರಿಯ ಕಡೆಗಿರದೆ ಎಡಕ್ಕೆ ಮುಖ ಮಾಡಿತ್ತು. ‘ಕೋಲು ಹೊರಗಡೆಯಿಂದ ಒಳಕ್ಕೆ ಬರ್ತಾ ಇದೆ, ಮುಖಾನೂ ಬಿಚ್ಚಿಕೊಂಡಿದೆ’ ಎಂದರು. ಚೆಂಡಿನ ಆಚೆ ಬದಿಯಲ್ಲಿ, ತುಸು ಹಿಂದಕ್ಕೆ, ಮಡಿಸಿದ ಟವೆಲ್ ಒಂದನ್ನು ಇಟ್ಟು, ಅದಕ್ಕೆ ತಗುಲದಂತೆ ಬೀಸಲು ಹೇಳಿದರು. ನಾನು ಬೀಸಿದೆ, ಅವರು ನೋಡಿದರು, ಮತ್ತೆ ಬೀಸಿದೆ.

ಮನೆಗೆ ಬಂದು ಹೆಂಡತಿಗೆ ಈ ಸಂಗತಿಯನ್ನು ಹೇಳುವಾಗ ನನ್ನ ಬಾಯಿಗೆ ‘ಪ್ರತಿಕ್ರಿಯೆ’ಯೂ ಬರಲಿಲ್ಲ, ‘ಹಿಮ್ಮಾಹಿತಿ’ಯೂ ಬರಲಿಲ್ಲ, ‘ಇವತ್ತು ಬೀಸೋದನ್ನ ತಿದ್ದಿಸಿಕೊಂಡು ಬಂದೆ’ ಎಂದೆ. ಸಂಗೀತದ ಪಾಠವನ್ನು ಹೀಗೆಯೇ ತಿದ್ದಿಸಿಕೊಳ್ಳುತ್ತೇವೆ. ಮರಳಿನ ಮೇಲೆ ಮಗುವಿನ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತೇವೆ. ಅಲ್ಲಿ ‘ತಿದ್ದು’ ಎಂದರೆ ತಪ್ಪನ್ನು ಸರಿಪಡಿಸುವುದಷ್ಟೇ ಅಲ್ಲ, ಇದ್ದ ಗೆರೆಯ ಮೇಲೆ ಕೈ ಕೂರುವ ತನಕ ಮತ್ತೆ ಮತ್ತೆ ಹೋಗುವುದು. ಕೋಲು ಬೀಸುವ ಅಭ್ಯಾಸಕ್ಕೆ ಇದಕ್ಕಿಂತ ಹತ್ತಿರದ ಪದವನ್ನು ನಾನು ಕಾಣೆ. ‘ತಿದ್ದಿಸಿಕೊಳ್ಳಿ’ ಎಂದಾಗ ತಿದ್ದುವವರು ಬೇರೊಬ್ಬರೆಂಬುದೂ ಪ್ರಯೋಜನ ತನಗೆಂಬುದೂ ಆ ರೂಪದಲ್ಲೇ ಬಂದುಬಿಡುವುದರಿಂದ ‘ಇತರರಿಂದ’, ‘ಸುಧಾರಣೆಗಾಗಿ’ ಎಂಬ ಎರಡೂ ಪದಗಳು ಉದುರಿಹೋಗುತ್ತವೆ. ‘ಸಲಹೆ’ಯನ್ನು ನಿಯಮದ ಸಾಲಿಗೆ ಮೀಸಲಿಡಬಹುದು.

ನನ್ನ ಸೂಚನೆ: ‘ನಿಮ್ಮ ಬೀಸನ್ನು ಬಲ್ಲವರಿಗೆ ತೋರಿಸಿ ತಿದ್ದಿಸಿಕೊಳ್ಳಿ.’

*

‘ತಿದ್ದಿಸಿಕೊಳ್ಳು’ ಒಪ್ಪಿದೆ, ‘ಮರುನುಡಿ’ಯನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಎರಡನೆಯ ಸಾಲಿನಲ್ಲಿ ‘ಕ್ಯಾಡಿ’ ಏಕೆ? ‘ಕೋಲಾಳು’ ಎನ್ನಬಹುದಲ್ಲ?

*

ಬಾರದು. ತಮ್ಮನ್ನು ‘ಕ್ಯಾಡಿ’ ಎಂದು ಕರೆದುಕೊಳ್ಳುವವರನ್ನು ನಮ್ಮ ಪದಶುದ್ಧಿಗಾಗಿ ‘ಆಳು’ ಎಂದು ಕರೆಯುವ ಹಕ್ಕು ನಮಗಿಲ್ಲ. ಎರವಲು ಪದವನ್ನು ತೆಗೆಯುವ ಮೊದಲು ಅದರ ಜಾಗದಲ್ಲಿ ಯಾರನ್ನು ಏನೆಂದು ಕರೆಯುತ್ತಿದ್ದೇವೆ ಎಂಬುದನ್ನು ನೋಡಬೇಕು.

*

ಎಲ್ಲರಿಗೂ ಕೃತಜ್ಞತೆಗಳು. ಸೂಚಿಸಿದ ಸಾಲನ್ನು ಇಂದು ಸಂಜೆ ಮೈದಾನಕ್ಕೆ ಒಯ್ದು ಅದೇ ಹಿರಿಯ ಕ್ಯಾಡಿಯವರಿಗೆ ಕೊಟ್ಟೆ. ಒಂದೇ ಉಸಿರಿಗೆ ಓದಿದರು. ಸ್ವಲ್ಪ ಹೊತ್ತು ಹಾಳೆಯನ್ನು ಹಿಡಿದುಕೊಂಡೇ ಇದ್ದು, ‘ಬಲ್ಲವರು ಅಂದ್ರೆ ನಾವೂ ಸೇರ್ತೀವಾ ಸಾರ್?’ ಎಂದು ಕೇಳಿದರು. ಸೇರುತ್ತೀರಿ ಎಂದೆ. ಆ ಸಂದೇಹ ಬೇರೆ ಯಾರಿಗೂ ಬರಬಾರದೆಂದು ಮೊದಲ ಸಾಲಿನಲ್ಲಿ ಒಂದು ಪದವನ್ನು ಬದಲಿಸಿದ್ದೇನೆ. ಗುರುವಾರ ಬರೆಸುವ ಪಾಠ ಹೀಗಿದೆ:

‘ನಿಮ್ಮ ಬೀಸನ್ನು ಕೋಚ್‌ಗೋ ಕ್ಯಾಡಿಗೋ ತೋರಿಸಿ ತಿದ್ದಿಸಿಕೊಳ್ಳಿ. ಸ್ಪರ್ಧೆಯ ಸುತ್ತಿನಲ್ಲಿ ನಿಮ್ಮ ಕ್ಯಾಡಿಯ ಹೊರತು ಬೇರೆ ಯಾರಿಂದಲೂ ಸಲಹೆ ಕೇಳಬಾರದು.’